ನಮ್ಮ ಮಾವನ ಫಾಲಿಕ್ಯುಲರ್ ಲಿಂಫೋಮಾ ಕೇಸು: ಗಂಟು ಸಿಕ್ಕಲ್ಲಿಂದ ಈವತ್ತಿನವರೆಗೆ

ಫಾಲಿಕ್ಯುಲರ್ ಲಿಂಫೋಮಾ ಅಂದ್ರೆ ಲಿಂಫ್ ಗ್ರಂಥಿಗಳಲ್ಲಿ, ಅಂದ್ರೆ ಸೋಂಕಿನ ವಿರುದ್ಧ ಕೆಲಸ ಮಾಡೋ ಸಣ್ಣ ಗ್ರಂಥಿಗಳಲ್ಲಿ, ನಿಧಾನವಾಗಿ ಬೆಳೆಯೋ ಒಂದು ಜಾತಿ ಕ್ಯಾನ್ಸರ್. ಕೇಸು ಯಾರದ್ದು ಅಂತ ಮೊದ್ಲೇ ಹೇಳ್ಬಿಡ್ತೀನಿ. ಪೇಶೆಂಟು ನನ್ನ ಸೋದರಮಾವ, ಅಮ್ಮನ ತಮ್ಮ. ಚನ್ನಗಿರಿ ತಾಲೂಕಲ್ಲಿ ಅಡಿಕೆ ತೋಟ, ತೊಂದರೆ ಶುರುವಾದಾಗ ವಯಸ್ಸು 57, ಶುಗರ್ ಇಲ್ಲ, ಬಿಪಿಗೆ ದಿನಾ ಒಂದು ಮಾತ್ರೆ, ಎಲೆಅಡಿಕೆ ಬಿಟ್ರೆ ಬೇರೆ ಚಟ ಇಲ್ಲ. ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡೋನು, ಡಾಕ್ಟರಲ್ಲ, ಆದ್ರೆ ಫೈಲ್ ಹಿಡ್ಕೊಂಡು ಅವರ ಜೊತೆ ಓಡಾಡಿದ್ದು ನಾನೇ, ಪ್ರತಿ ರಿಪೋರ್ಟಿನ ಅರ್ಥನೂ ಡಾಕ್ಟರ ಎದುರು ಕೂತು ಕೇಳಿ ತಿಳ್ಕೊಂಡಿದ್ದೂ ನಾನೇ, ಅದಕ್ಕೆ ಬರೀತಿದೀನಿ. ಮಾವನೂ ಒಪ್ಪಿದ್ದಾರೆ, "ಹೆಸ್ರು ಹಳ್ಳಿ ಹಾಕ್ಬ್ಯಾಡ, ಉಳಿದಿದ್ದು ಏನ್ ಬೇಕಾದ್ರೂ ಬರಿ" ಅಂದ್ರು.

2021ರ ಮಳೆಗಾಲದಲ್ಲಿ ಬಲಗಡೆ ತೊಡೆಸಂದಲ್ಲಿ ಒಂದು ಗಂಟು ಕೈಗೆ ಸಿಕ್ತು. ನೋವಿಲ್ಲ, ಜ್ವರ ಇಲ್ಲ, ಊಟ ನಿದ್ದೆ ಎಲ್ಲ ಸರಿ. ಜಾಗ ಅಂಥದ್ದು ನೋಡಿ, ಯಾರಿಗೆ ತೋರಿಸ್ಲಿ ಅಂತ ತಿಂಗಳುಗಟ್ಟಲೆ ಸುಮ್ನಿದ್ರು, ಅತ್ತೆಗೂ ಹೇಳಿರ್ಲಿಲ್ಲ. ನಮ್ಮ ಕಡೆ ಗಂಡಸರಿಗೆ ಆ ಭಾಗದಲ್ಲಿ ಏನೇ ಊದಿದ್ರೂ ಒಂದೋ ಅಂಡವಾಯು ಇಲ್ಲಾ ಹರ್ನಿಯಾ ಅಂತ ಲೆಕ್ಕ, ಎರಡೂ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಜೊತೆಗೆ ತೋಟದಲ್ಲಿ ಬರಿಗಾಲಲ್ಲೇ ಓಡಾಡೋ ಮನುಷ್ಯ, ಮುಳ್ಳು ಚುಚ್ಚಿ ಕಾಲು ಕೀವಾದ್ರೆ ತೊಡೆಸಂದಲ್ಲಿ ಗಂಟು ಏಳೋದು ಅವರಿಗೆ ಹೊಸದಲ್ಲ, ಇದೂ ಹಂಗೇ ಇರ್ಬೇಕು ಅನ್ಕೊಂಡ್ರು. ಅಕ್ಟೋಬರಲ್ಲಿ ಕೋವಿಡ್ ಎರಡನೇ ಡೋಸ್ ಹಾಕಿಸ್ಕೊಂಡ ಮೇಲೆ ಅತ್ತೆಗೆ ಹೇಗೋ ಗೊತ್ತಾಯ್ತು, ಮನೆಯಲ್ಲಿ ಎಲ್ಲರೂ ಸೇರಿ "ಇಂಜೆಕ್ಷನ್ ಇಂದಾನೇ ಆಗಿದ್ದು" ಅಂತ ತೀರ್ಪು ಕೊಟ್ಟಾಯ್ತು. ವ್ಯಾಕ್ಸಿನ್‌ಗೆ ಲಿಂಫ್ ನೋಡ್, ಅಂದ್ರೆ ಲಿಂಫ್ ಗ್ರಂಥಿ, ಊದೋದು ನಿಜವೇ, ಆದ್ರೆ ಅದು ಚುಚ್ಚಿದ ತೋಳಿನ ಕಡೆ ಕಂಕುಳಲ್ಲಿ ಊದತ್ತೆ, ಕೆಲವು ವಾರದಲ್ಲಿ ಇಳಿಯತ್ತೆ. ತೋಳಿಗೆ ಚುಚ್ಚಿದ್ದು ತೊಡೆಸಂದಿಗೆ ಬರಲ್ಲ, ಅದೂ ಡೋಸಿಗೆ ಮುಂಚೆನೇ ಇದ್ದ ಗಂಟು.

ಊರಿನ ಡಾಕ್ಟರು ಆಂಟಿಬಯಾಟಿಕ್ ಕೊಟ್ರು, ಗಂಟು ಅಲ್ಲಾಡ್ಲಿಲ್ಲ. ದಾವಣಗೆರೆಗೆ ಕರ್ಕೊಂಬಂದು ಸೂಜಿ ಪರೀಕ್ಷೆ, ಅಂದ್ರೆ ಎಫ್‌ಎನ್‌ಎಸಿ ಮಾಡ್ಸಿದ್ವಿ, "ರಿಯಾಕ್ಟಿವ್" ಅಂತ ಬಂತು, ಅಂದ್ರೆ ಸೋಂಕಿಗೋ ಏನಕ್ಕೋ ಊದಿದೆ, ಕ್ಯಾನ್ಸರ್ ಕಂಡಿಲ್ಲ ಅಂತ. ಮನೆಯಲ್ಲಿ ಹಬ್ಬದ ವಾತಾವರಣ. ಇಲ್ಲೇ ಬಹಳ ಜನ ನಿಂತುಬಿಡ್ತಾರೆ ಅಂತ ಆಮೇಲೆ ಸರ್ಜನ್ ಹೇಳಿದ್ರು. ನಿಧಾನವಾಗಿ ಬೆಳೆಯೋ ಲಿಂಫೋಮಾದ ಜೀವಕೋಶಗಳು ನೋಡೋಕೆ ಹೆಚ್ಚುಕಮ್ಮಿ ಸಾಮಾನ್ಯ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣದ ಥರನೇ ಇರ್ತವೆ, ಸೂಜಿಯಲ್ಲಿ ಬರೋದು ಚೆಲ್ಲಾಪಿಲ್ಲಿ ಆದ ಒಂದಿಷ್ಟು ಕೋಶ ಅಷ್ಟೇ, ಗ್ರಂಥಿಯ ಒಳಗಿನ ಕಟ್ಟಡ ಹೇಗಿದೆ ಅನ್ನೋದು ಅದರಲ್ಲಿ ಕಾಣೋದೇ ಇಲ್ಲ, ಈ ಕಾಯಿಲೆಯಲ್ಲಿ ಕೆಟ್ಟಿರೋದೇ ಆ ಕಟ್ಟಡ. ನೆಂಟರೊಬ್ಬರು, ಅವರಿಗೂ ಯಾರೋ ಹೇಳಿದ್ದು, "ಟಿಬಿ ಮಾತ್ರೆ ಆರು ತಿಂಗಳು ಕೊಡ್ಸಿ ನೋಡ್ರಿ, ಕರಗಿದ್ರೆ ಟಿಬಿ" ಅಂದ್ರು. ನಮ್ಮ ದೇಶದಲ್ಲಿ ಗಂಟು ಅಂದ್ರೆ ಮೊದಲು ಟಿಬಿ ನೆನಪಾಗೋದು ತಪ್ಪೇನಲ್ಲ, ಆದ್ರೆ ಗ್ರಂಥಿಯ ಟಿಬಿ ಜಾಸ್ತಿ ಬರೋದು ಕುತ್ತಿಗೆಗೆ, ಮತ್ತೆ ಸಾಬೀತೇ ಆಗದ ಕಾಯಿಲೆಗೆ ಆರು ತಿಂಗಳ ಕೋರ್ಸು ಶುರು ಮಾಡೋದು ನನಗಂತೂ ಯಾವತ್ತೂ ಸರಿ ಕಾಣಲ್ಲ. ಇನ್ನೊಂದು ವಿಷಯ, ಫಾಲಿಕ್ಯುಲರ್ ಲಿಂಫೋಮಾದ ಗಂಟು ಔಷಧಿ ಇಲ್ದೇನೇ ಒಮ್ಮೊಮ್ಮೆ ತಾನಾಗೇ ಸ್ವಲ್ಪ ಇಳಿದು ಮತ್ತೆ ಏಳತ್ತೆ, ಹಂಗಾಗಿ ಯಾವ ಮಾತ್ರೆ ಕೊಟ್ಟಿದ್ರೂ "ಕೆಲಸ ಮಾಡ್ತು" ಅಂತ ಅನ್ನಿಸೋ ಸಾಧ್ಯತೆ ಇದೆ.

ಸರ್ಜನ್ ಅಲ್ಟ್ರಾಸೌಂಡ್ ಮಾಡ್ಸಿದ್ರು, 2.8 ಸೆಂಟಿಮೀಟರ್ ಗ್ರಂಥಿ, ಮಧ್ಯದಲ್ಲಿ ಇರಬೇಕಾದ ಕೊಬ್ಬಿನ ಭಾಗ ಮಾಯ, ಪಕ್ಕದಲ್ಲಿ ಇನ್ನೂ ಒಂದೆರಡು ಚಿಕ್ಕವು. "ಚೂರು ತೆಗಿಯೋದಲ್ಲ, ಇಡೀ ಗ್ರಂಥಿನೇ ತೆಗಿತೀನಿ" ಅಂದ್ರು. ನವೆಂಬರಲ್ಲಿ ತೆಗೆದ್ರು, ದೊಡ್ಡ ಭಾಗ ಫಾರ್ಮಾಲಿನ್ ಡಬ್ಬಿಗೆ, ಒಂದು ಸಣ್ಣ ತುಂಡು ಬೇರೆ ಮಾಡಿ ಸಲೈನಲ್ಲಿ ಹಾಕಿ ಟಿಬಿ ಪರೀಕ್ಷೆಗೆ. ಇದು ನನಗೆ ಬಹಳ ಹಿಡಿಸ್ತು, ಯಾಕಂದ್ರೆ ಎಲ್ಲನೂ ಫಾರ್ಮಾಲಿನ್‌ಗೇ ಹಾಕಿಬಿಟ್ರೆ ಆಮೇಲೆ ಟಿಬಿ ಕಲ್ಚರ್ ಆಗಲ್ಲ, ಎಲ್ಲನೂ ಸಲೈನಿಗೇ ಹಾಕಿದ್ರೆ ಬಯಾಪ್ಸಿ ಕೆಡತ್ತೆ. ಟಿಬಿ ನೆಗೆಟಿವ್ ಬಂತು. ಬಯಾಪ್ಸಿಯಲ್ಲಿ ಫಾಲಿಕ್ಯುಲರ್ ಲಿಂಫೋಮಾ, ಗ್ರೇಡ್ 1-2, ಅಂದ್ರೆ ನಿಧಾನದ ಜಾತಿ. ಐಎಚ್‌ಸಿ ಅಂತ, ಕೋಶದಲ್ಲಿ ಯಾವ್ಯಾವ ಪ್ರೋಟೀನ್ ಇದೆ ಅಂತ ನೋಡೋ ಇನ್ನೊಂದು ಪರೀಕ್ಷೆ ಸೇರಿ ಪೂರ್ತಿ ರಿಪೋರ್ಟ್ ಬರೋಕೆ ತಡ ಆಯ್ತು, ಅದರಲ್ಲಿ ಸಿಡಿ20, ಸಿಡಿ10, ಬಿಸಿಎಲ್6, ಬಿಸಿಎಲ್2 ನಾಲ್ಕೂ ಪಾಸಿಟಿವ್, ಕೋಶಗಳು ಎಷ್ಟು ವೇಗವಾಗಿ ಒಡೀತಿವೆ ಅಂತ ಹೇಳೋ ಕೆಐ-67 ಕಮ್ಮಿ.

ಆ ಬಿಸಿಎಲ್2 ಒಂದೇ ಅರ್ಥ ಆದ್ರೆ ಈ ಕಾಯಿಲೆಯ ಅರ್ಧ ಸ್ವಭಾವ ಅರ್ಥ ಆದಂಗೆ. ಲಿಂಫ್ ಗ್ರಂಥಿಯೊಳಗೆ ಬಿ ಜೀವಕೋಶಗಳು, ಅಂದ್ರೆ ಆಂಟಿಬಾಡಿ ಮಾಡೋ ಲಿಂಫೋಸೈಟ್‌ಗಳು, ತಯಾರಾಗೋ ಗುಂಡು ಗುಂಡು ಫಾಲಿಕಲ್‌ಗಳು ಇರ್ತವೆ, ಕೆಲಸಕ್ಕೆ ಬಾರದ ಕೋಶಗಳು ಅಲ್ಲೇ ಸಾಯಬೇಕು ಅನ್ನೋದು ನಿಯಮ, ಅದಕ್ಕೇ ಆರೋಗ್ಯವಂತ ಫಾಲಿಕಲ್ಲಿನ ಮಧ್ಯಭಾಗದ ಕೋಶಗಳಲ್ಲಿ ಬಿಸಿಎಲ್2 ಅನ್ನೋ ಸಾವು ತಡೆಯೋ ಪ್ರೋಟೀನ್ ಇರಲ್ಲ. ಈ ಕಾಯಿಲೆಯಲ್ಲಿ ಬಹುಪಾಲು ಪೇಶೆಂಟುಗಳಲ್ಲಿ 14 ಮತ್ತು 18ನೇ ಕ್ರೋಮೋಸೋಮ್ ತುಂಡಾಗಿ ಒಂದಕ್ಕೊಂದು ಅಂಟ್ಕೊಂಡಿರ್ತವೆ, ಆಂಟಿಬಾಡಿ ಮಾಡೋ ಜೀನಿನ ಪಕ್ಕಕ್ಕೆ ಬಿಸಿಎಲ್2 ಜೀನು ಬಂದು ಕೂತು ಸದಾ ಆನ್ ಆಗಿರತ್ತೆ. ಅಂದ್ರೆ ಇವು ಜೋರಾಗಿ ಬೆಳೆಯೋ ಕೋಶಗಳಿಗಿಂತ ಹೆಚ್ಚಾಗಿ ಸಾಯೋಕೆ ಒಪ್ಪದ ಕೋಶಗಳು, ಅವಧಿ ಮುಗಿದ್ರೂ ಮನೆ ಖಾಲಿ ಮಾಡದ ಬಾಡಿಗೆದಾರರ ಥರ, ದಾಂಧಲೆ ಮಾಡಲ್ಲ ಆದ್ರೆ ಹೋಗಲ್ಲ. ವೇಗವಾಗಿ ಒಡೆಯೋ ಕೋಶಗಳನ್ನ ಹೊಡೆಯೋ ಕೀಮೋ ಇವನ್ನ ಕುಗ್ಗಿಸತ್ತೆ, ಬೇರು ಸಮೇತ ಕೀಳೋದು ಕಷ್ಟ. ವಿಚಿತ್ರ ಏನಂದ್ರೆ ರೇಡಿಯೇಶನ್‌ಗೆ ಮಾತ್ರ ಇವು ಸಣ್ಣ ಡೋಸಿಗೂ ಕರಗಿಹೋಗ್ತವೆ.

ಇಷ್ಟು ನನಗೆ ಅರ್ಥ ಆಗೋಷ್ಟ್ರಲ್ಲಿ ಮನೆಯಲ್ಲಿ ಅಳು ಶುರುವಾಗಿತ್ತು. ನಮ್ಮ ಕಡೆ "ಕಿದ್ವಾಯಿಗೆ ಬರ್ಕೊಟ್ರಂತೆ" ಅಂದ್ರೆ ಮುಗೀತು, ಜನ ಹಣ್ಣು ತಗೊಂಡು ನೋಡೋಕೆ ಬರ್ತಾರೆ. ಮೊದಲು ತೋರಿಸಿದ ಕಡೆ, ಯಾವ ಆಸ್ಪತ್ರೆ ಅನ್ನೋದು ಬೇಡ, ಬಯಾಪ್ಸಿ ರಿಪೋರ್ಟ್ ಒಂದನ್ನೇ ನೋಡಿ ಮುಂದಿನ ವಾರದಿಂದ ಆರು ಸೈಕಲ್ ಆರ್-ಚಾಪ್ ಅನ್ನೋ ಜೋರು ಕೀಮೋ ಅಂತ ಬರ್ಕೊಟ್ಟು ಅಡ್ವಾನ್ಸ್ ಕಟ್ಟಿ ಅಂದ್ರು. ಕಾಯಿಲೆ ಎಲ್ಲೆಲ್ಲಿ ಇದೆ ಅಂತ ನೋಡಿರ್ಲೇ ಇಲ್ಲ. ನಮ್ಮ ದೊಡ್ಡಮಾವ "ಕಟ್ಟಿಬಿಡು, ಕ್ಯಾನ್ಸರ್ ಅಂದ್ಮೇಲೆ ತಡ ಮಾಡಬಾರ್ದು" ಅಂತ ಒಂದೇ ಹಠ. ಆ ಮಾತು ಬಹಳಷ್ಟು ಕ್ಯಾನ್ಸರಿಗೆ ನಿಜ, ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಆದ್ರೆ ಗ್ರೇಡ್ 1-2, ಒಂದು ಜಾಗದಲ್ಲಿ ಗಂಟು, ಜ್ವರ ಬೆವರು ತೂಕ ಇಳಿಯೋದು ಯಾವುದೂ ಇಲ್ಲ, ಇಂಥ ಕೇಸಲ್ಲಿ ಕೆಲವು ವಾರ ಕಾದ್ರೆ ಕಳ್ಕೊಳ್ಳೋದು ಏನೂ ಇಲ್ಲ, ಸ್ಟೇಜ್ ತಪ್ಪು ತಿಳ್ಕೊಂಡು ಶುರು ಮಾಡಿದ್ರೆ ಕಳ್ಕೊಳ್ಳೋದು ಬಹಳ ಇದೆ. ಈ ಇಡೀ ಕೇಸಲ್ಲಿ ನಾನು ಗಟ್ಟಿಯಾಗಿ ಹೇಳೋದು ಅಂದ್ರೆ ಇದೊಂದೇ, ಟ್ರೀಟ್ಮೆಂಟಿಗಿಂತ ಮುಂಚಿನ ಕೆಲಸನೇ ಇಲ್ಲಿ ದೊಡ್ಡ ಕೆಲಸ.

ಬೆಂಗಳೂರಲ್ಲಿ ಎರಡನೇ ಅಭಿಪ್ರಾಯ ಕೇಳೋದು ಅಂತ ಆಯ್ತು. ಮಾವನದ್ದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ 30 ಪರ್ಸೆಂಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ನಮಗೆ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಬರೆಸ್ಕೊಂಡು ಹೋಗ್ಬೇಕಾಯ್ತು. ಚೀಟಿ ಇಲ್ದೆ ಬೆಂಗಳೂರಿಗೆ ಹೋಗಿ ವಾಪಸ್ ಬರೋರನ್ನ ನೋಡಿದೀನಿ, ಅದಕ್ಕೆ ಹೇಳ್ತಿದೀನಿ.

ಅಲ್ಲಿನ ಡಾಕ್ಟರಮ್ಮ ಮೊದಲು ಮಾಡಿದ್ದು ಬಯಾಪ್ಸಿಯ ಬ್ಲಾಕ್, ಅಂದ್ರೆ ಮೇಣದಲ್ಲಿ ಕೂರಿಸಿಟ್ಟ ತುಂಡು, ತರಿಸ್ಕೊಂಡು ತಮ್ಮ ಪೆಥಾಲಜಿಯಲ್ಲಿ ಇನ್ನೊಮ್ಮೆ ನೋಡಿಸಿದ್ದು, ಅದೇ ಡಯಾಗ್ನೋಸಿಸ್ ಬಂತು. ಆಮೇಲೆ ಪೆಟ್-ಸಿಟಿ. ಸಕ್ಕರೆಯಂಥ ವಸ್ತುವಿಗೆ ಸ್ವಲ್ಪ ವಿಕಿರಣ ಸೇರಿಸಿ ರಕ್ತಕ್ಕೆ ಬಿಡ್ತಾರೆ, ಕಾಯಿಲೆ ಇರೋ ಕಡೆ ಅದು ಜಾಸ್ತಿ ಸೇರ್ಕೊಂಡು ಬೆಳಗತ್ತೆ. ಬಲ ತೊಡೆಸಂದಲ್ಲಿ ಉಳಿದಿದ್ದ ಚಿಕ್ಕ ಗ್ರಂಥಿಗಳು ಬೆಳಗಿದ್ವು, ಅದು ಗೊತ್ತಿದ್ದದ್ದೇ. ಅದರ ಮೇಲ್ಗಡೆ, ಸೊಂಟದೊಳಗೆ ರಕ್ತನಾಳದ ಪಕ್ಕ ಒಂದು ಸೆಂಟಿಮೀಟರಿನ ಇನ್ನೊಂದು ಗ್ರಂಥಿನೂ ಸಣ್ಣದಾಗಿ ಬೆಳಗಿತ್ತು. ಆ ಒಂದು ಚುಕ್ಕೆಯಿಂದ ಸ್ಟೇಜ್ ಒಂದು ಹೋಗಿ ಎರಡು ಆಯ್ತು. ಲೆಕ್ಕ ಹೀಗೆ: ಒಂದೇ ಜಾಗದ ಗ್ರಂಥಿಗಳಾದ್ರೆ ಒಂದು, ವಪೆಯ ಒಂದೇ ಕಡೆ ಎರಡು ಅಥವಾ ಜಾಸ್ತಿ ಜಾಗ ಆದ್ರೆ ಎರಡು, ವಪೆಯ ಮೇಲೂ ಕೆಳಗೂ ಇದ್ರೆ ಮೂರು, ಮೂಳೆಮಜ್ಜೆ ಅಥವಾ ಬೇರೆ ಅಂಗಕ್ಕೆ ಹರಡಿದ್ರೆ ನಾಲ್ಕು. ವಪೆ ಅಂದ್ರೆ ಎದೆ ಹೊಟ್ಟೆ ಮಧ್ಯದ ಡಯಾಫ್ರಮ್ಮು.

ಮಾವ "ಎರಡಂದ್ರೆ ಅರ್ಧ ಹೋದಂಗೆ ಅಲ್ವೇನ್ರಿ ಮೇಡಂ" ಅಂದ್ರು. "ಅಲ್ಲ, ಎರಡೂ ಅಕ್ಕಪಕ್ಕದ ಜಾಗ, ರೇಡಿಯೇಶನ್ ಕೊಡೋದಾದ್ರೆ ಒಂದೇ ಫೀಲ್ಡಲ್ಲಿ ಎರಡನ್ನೂ ಮುಚ್ಬಹುದು, ದೂರ ದೂರ ಇದ್ದಿದ್ರೆ ಮಾತೇ ಬೇರೆ ಆಗಿರೋದು" ಅಂದ್ರು ಅವರು.

ಮೂಳೆಮಜ್ಜೆ ಪರೀಕ್ಷೆಗೆ ಮಾವ ಒಪ್ಪಲೇ ಇಲ್ಲ ಮೊದಲು, ಪೆಟ್ ಸ್ಕ್ಯಾನಲ್ಲಿ ಮೈಯೆಲ್ಲ ನೋಡಾಯ್ತಲ್ಲ ಮತ್ತೆ ಯಾಕೆ ಸೊಂಟಕ್ಕೆ ಸೂಜಿ ಅಂತ. ನಾನೂ ಅದನ್ನೇ ಕೇಳ್ದೆ. ಈ ಜಾತಿಯ ಲಿಂಫೋಮಾ ಮಜ್ಜೆಯಲ್ಲಿ ಸ್ವಲ್ಪ ಸ್ವಲ್ಪ ಕೂತಿದ್ರೆ ಪೆಟ್‌ಗೆ ಸಿಗದೇ ತಪ್ಪಿಸ್ಕೊಳ್ಳತ್ತೆ, ಬರೀ ರೇಡಿಯೇಶನ್‌ನಿಂದ ಗುಣ ಮಾಡೋ ಯೋಚನೆ ಇದ್ರೆ ಮಜ್ಜೆ ಕ್ಲೀನ್ ಇದೆ ಅನ್ನೋದು ಖಾತ್ರಿ ಆಗ್ಲೇಬೇಕು, ಮಜ್ಜೆಯಲ್ಲಿದ್ರೆ ಅದು ನಾಲ್ಕನೇ ಸ್ಟೇಜು, ತೊಡೆಸಂದಿಗೆ ಮಾತ್ರ ಕೊಡೋದಕ್ಕೆ ಆ ಉದ್ದೇಶನೇ ಉಳಿಯಲ್ಲ ಅಂತ ವಿವರಿಸಿದ್ರು. ಮಾಡ್ಸಿದ್ವಿ, ಕ್ಲೀನ್ ಇತ್ತು. ರಕ್ತದಲ್ಲಿ ಎಲ್‌ಡಿಎಚ್, ಅಂದ್ರೆ ಕಾಯಿಲೆ ಜೋರಾದ್ರೆ ಏರೋ ಒಂದು ಅಂಶ, ನಾರ್ಮಲ್, ಹಿಮೋಗ್ಲೋಬಿನ್ ಚೆನ್ನಾಗಿದೆ, ಹೆಪಟೈಟಿಸ್ ಬಿ ನೆಗೆಟಿವ್, ಎಚ್‌ಐವಿ ನೆಗೆಟಿವ್. ಹೆಪಟೈಟಿಸ್ ಬಿ ಯಾಕೆ ನೋಡ್ತಾರೆ ಅಂದ್ರೆ ರಿಟುಕ್ಸಿಮ್ಯಾಬ್ ಅನ್ನೋ ಲಿಂಫೋಮಾ ಔಷಧಿ ಕೊಟ್ರೆ ಲಿವರಲ್ಲಿ ಮಲಗಿರೋ ವೈರಸ್ ಎದ್ದು ಪ್ರಾಣಕ್ಕೇ ಅಪಾಯ ತರಬಹುದು.

ಇನ್ನು ಆಯ್ಕೆಗಳ ವಿಷಯ. ಡಾಕ್ಟರಮ್ಮ ಒಂದು ಹಾಳೆ ತಗೊಂಡು ಬರೆದು ತೋರಿಸಿದ್ರು, ಹಾಳೆ ಈಗ್ಲೂ ಫೈಲಲ್ಲಿದೆ.

ಮೊದಲನೇದು ಆ ಜಾಗಕ್ಕೆ ಮಾತ್ರ ರೇಡಿಯೇಶನ್. ಹಳೇ ಲೆಕ್ಕ ಅಂದ್ರೆ ಅಮೆರಿಕದ ಸ್ಟ್ಯಾನ್‌ಫರ್ಡಿಂದು, 1996ರಲ್ಲಿ ಪ್ರಕಟ ಆಗಿದ್ದು, ಒಂದು ಎರಡನೇ ಸ್ಟೇಜಿನ 177 ಜನ, ಹತ್ತು ವರ್ಷ ಆದಾಗ ಕಾಯಿಲೆ ಮರುಕಳಿಸದೇ ಇದ್ದೋರು 44 ಪರ್ಸೆಂಟು, ಹತ್ತು ವರ್ಷ ದಾಟಿದೋರಲ್ಲಿ ಆಮೇಲೆ ಮರುಕಳಿಸಿದ್ದು ಬಹಳ ಕಮ್ಮಿ. ಆಗ ಪೆಟ್ ಸ್ಕ್ಯಾನ್ ಇರ್ಲಿಲ್ಲ, ಅಂದ್ರೆ ಆ ಗುಂಪಲ್ಲಿ ಮೂರು ನಾಲ್ಕನೇ ಸ್ಟೇಜಿನೋರೂ ಗೊತ್ತಿಲ್ದೆ ಸೇರಿರಬಹುದು. ಪೆಟ್ ಮಾಡಿ ಸ್ಟೇಜ್ ಖಚಿತ ಮಾಡ್ಕೊಂಡ 512 ಜನರ ಲೆಕ್ಕ 2019ರಲ್ಲಿ ಬಂತು, ಬೇರೆ ಬೇರೆ ದೇಶದ ಆಸ್ಪತ್ರೆಗಳದ್ದು ಸೇರಿಸಿ, ಎಲ್ಲರಿಗೂ ರೇಡಿಯೇಶನ್ ಮಾತ್ರ. ಐದು ವರ್ಷಕ್ಕೆ ಬದುಕಿದ್ದೋರು ಸುಮಾರು 96 ಪರ್ಸೆಂಟು, ಕಾಯಿಲೆ ಮುಂದುವರಿಯದೇ ಇದ್ದೋರು ಸುಮಾರು 69, ಅದನ್ನೇ ಬಿಡಿಸಿ ನೋಡಿದ್ರೆ ಒಂದನೇ ಸ್ಟೇಜಲ್ಲಿ 74, ಎರಡನೇ ಸ್ಟೇಜಲ್ಲಿ 49. ಆ 49 ನೋಡಿ ನನಗೆ ಹೊಟ್ಟೆಯಲ್ಲಿ ಕಲಸಿದಂಗಾಯ್ತು, ಮಾವ ಮಾತ್ರ 96 ಅನ್ನೋದನ್ನೇ ಹಿಡ್ಕೊಂಡ್ರು. ಆಮೇಲೆ ಯೋಚಿಸಿದ್ರೆ ಅವರು ನೋಡಿದ್ದೇ ಸರಿಯಾದ ಅಂಕಿ ಅನ್ಸತ್ತೆ, ಯಾಕಂದ್ರೆ ಈ ಕಾಯಿಲೆಯಲ್ಲಿ ವಾಪಸ್ ಬರೋದಕ್ಕೂ ಸಾಯೋದಕ್ಕೂ ನಾವು ಅನ್ಕೊಂಡಷ್ಟು ಹತ್ತಿರದ ನಂಟಿಲ್ಲ.

ಎರಡನೇದು ಏನೂ ಕೊಡದೇ ನೋಡ್ತಾ ಇರೋದು. ಅದೇ ಸ್ಟ್ಯಾನ್‌ಫರ್ಡಲ್ಲಿ ಶುರುವಿನ ಸ್ಟೇಜಿನ 43 ಜನಕ್ಕೆ ಬೇರೆ ಬೇರೆ ಕಾರಣಕ್ಕೆ ಟ್ರೀಟ್ಮೆಂಟ್ ಕೊಡದೇ ಏಳು ವರ್ಷದ ಹತ್ತಿರ ನೋಡಿದಾಗ 63 ಪರ್ಸೆಂಟಿಗೆ ಟ್ರೀಟ್ಮೆಂಟೇ ಬೇಕಾಗಿರ್ಲಿಲ್ಲ. ಸಣ್ಣ ಗುಂಪು, ಆದ್ರೂ ಉಪಯೋಗದ ಮಾತು. ವಯಸ್ಸು ತೀರಾ ಆದೋರಿಗೆ, ಹೃದಯ ಕಿಡ್ನಿ ತೊಂದರೆ ಇರೋರಿಗೆ, ರೇಡಿಯೇಶನ್ ಕೊಟ್ರೆ ಪಕ್ಕದ ಅಂಗಕ್ಕೆ ಪೆಟ್ಟು ಬೀಳೋ ಜಾಗ ಆದ್ರೆ ಇದೂ ಸರಿಯಾದ ದಾರಿನೇ.

ಮೂರನೇದು ರಿಟುಕ್ಸಿಮ್ಯಾಬ್ ಒಂದನ್ನೇ, ಇಲ್ಲಾ ಅದರ ಜೊತೆ ಕೀಮೋ. ಬಿ ಕೋಶದ ಮೇಲಿರೋ ಸಿಡಿ20ಗೆ ಅಂಟ್ಕೊಳ್ಳೋ ಆಂಟಿಬಾಡಿ ಇದು, ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿದ್ದು, 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ರೆಡಿಟಕ್ಸ್ ಅಂತ ತಂದ್ಮೇಲೆ ನಮ್ಮಲ್ಲಿ ರೇಟು ಇಳೀತು. ನಾಲ್ಕನೇದು ರೇಡಿಯೇಶನ್ ಜೊತೆಗೆ ಔಷಧಿ. ಆಸ್ಟ್ರೇಲಿಯಾ ಕಡೆ ನಡೆಸಿದ ಟ್ರಯಲ್ಲು, 150 ಜನ, ಅರ್ಧ ಜನಕ್ಕೆ ಬರೀ ರೇಡಿಯೇಶನ್, ಅರ್ಧ ಜನಕ್ಕೆ ಆಮೇಲೆ ಆರು ಸೈಕಲ್ ಸಿವಿಪಿ ಕೀಮೋ, ಕೊನೆಕೊನೆಗೆ ಸೇರಿದೋರಿಗೆ ರಿಟುಕ್ಸಿಮ್ಯಾಬೂ ಸೇರಿಸಿ. ಹತ್ತು ವರ್ಷಕ್ಕೆ ಕಾಯಿಲೆ ಮುಂದುವರಿಯದೇ ಇದ್ದೋರು 41 ಪರ್ಸೆಂಟ್ ಬದಲು 59 ಆದ್ರು, ಆದ್ರೆ ಆಯಸ್ಸಲ್ಲಿ ಖಚಿತವಾಗಿ ಹೇಳೋವಷ್ಟು ವ್ಯತ್ಯಾಸ ಸಿಗ್ಲಿಲ್ಲ. ಇನ್ನೊಂದು ಅಮೆರಿಕದ ಲೆಕ್ಕ, ಒಂದನೇ ಸ್ಟೇಜಿನ 206 ಜನ, ಅವರವರ ಡಾಕ್ಟರು ಮೇಲಿನ ಎಲ್ಲ ಥರದ ದಾರಿನೂ ಹಿಡಿದಿದ್ರು, ಅಲ್ಲೂ ಬದುಕಿದ ಅವಧಿ ಬೇರೆ ಬೇರೆ ಆಗಿರ್ಲಿಲ್ಲ.

ನಾನು ಆಗ ಕೇಳಿದ್ದು, "ಮೇಡಂ, ಎಲ್ಲದರಲ್ಲೂ ಆಯಸ್ಸು ಅಷ್ಟೇ ಅಂದ್ರೆ ಯಾವುದಾದ್ರೂ ಒಂದೇ ಅಲ್ವಾ, ಸುಮ್ನೆ ಇರೋದೇ ಒಳ್ಳೇದಲ್ವಾ?"

ಅವರು ಹೇಳಿದ್ದನ್ನ ನನಗೆ ನೆನಪಿರೋ ಹಂಗೆ ಬರೀತೀನಿ. ಇವರಿಗೆ 57, ಇನ್ನೂ ಇಪ್ಪತ್ತು ಮೂವತ್ತು ವರ್ಷ ಬದುಕಬೇಕಾದ ಮನುಷ್ಯ, ಕಾಯಿಲೆ ಒಂದು ಫೀಲ್ಡಲ್ಲಿ ಹಿಡಿಯೋ ಹಂಗಿದೆ, ಪೂರ್ತಿ ವಾಸಿ ಆಗೋ ಅವಕಾಶ ಸ್ವಲ್ಪನಾದ್ರೂ ಇರೋದು ಈ ಸ್ಟೇಜಲ್ಲಿ ಮಾತ್ರ, ಅದು ಸಿಗೋದು ಎರಡು ವಾರದ ಸುಲಭದ ರೇಡಿಯೇಶನಲ್ಲಿ, ಅದನ್ನ ಬಿಡೋಕೆ ನನಗೆ ಕಾರಣ ಕಾಣಲ್ಲ. ಕೀಮೋ ಸೇರಿಸಿದ್ರೆ ವಾಪಸ್ ಬರೋದು ಕಮ್ಮಿ ಆಗತ್ತೆ ನಿಜ, ಆದ್ರೆ ವಾಪಸ್ ಬಂದ್ರೆ ಕೊಡೋಕೆ ಅದೇ ಔಷಧಿ ಉಳಿದಿರತ್ತೆ, ಬರದೇ ಇದ್ರೆ ಕೊಡೋದೇ ಬೇಡ. ಮತ್ತೆ ಈಗ ಕೋವಿಡ್ ಇದೆ, ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನ ತಿಂಗಳುಗಟ್ಟಲೆ ಒರೆಸಿ ಹಾಕತ್ತೆ, ವ್ಯಾಕ್ಸಿನ್ ಕೆಲಸ ಮಾಡಲ್ಲ, ಸೋಂಕು ಬಂದ್ರೆ ಜೋರಾಗತ್ತೆ. ಇದೆಲ್ಲ 2022ರ ಜನವರಿ ಮಾತು, ಓಮಿಕ್ರಾನ್ ಏರ್ತಿದ್ದ ಟೈಮು, ವೀಕೆಂಡ್ ಕರ್ಫ್ಯೂ ಬೇರೆ ಇತ್ತು.

ಮಾವ ಕೇಳಿದ್ದು ಎರಡೇ ಪ್ರಶ್ನೆ, ಕೂದಲು ಹೋಗತ್ತಾ, ತೋಟಕ್ಕೆ ಯಾವಾಗ ಹೋಗಬಹುದು. ರೇಡಿಯೇಶನ್‌ಗೆ ಸೈ ಅಂದ್ರು. ದೊಡ್ಡಮಾವನಿಗೆ ಮಾತ್ರ ಸಮಾಧಾನ ಇಲ್ಲ, "ಬರೀ ಹನ್ನೆರಡು ದಿನ ಕರೆಂಟ್ ಕೊಟ್ರೆ ಕ್ಯಾನ್ಸರ್ ಹೋಗತ್ತೇನೋ, ದುಡ್ಡಿಲ್ಲ ಅನ್ಕೊಂಡು ಸಣ್ಣದು ಬರ್ದಿದಾರೆ" ಅಂತ. ನಮ್ಮ ಜನಕ್ಕೆ ಈ ಭಾವನೆ ಬಹಳ ಆಳದಲ್ಲಿದೆ, ಟ್ರೀಟ್ಮೆಂಟು ಎಷ್ಟು ಹಿಂಸೆ ಕೊಡತ್ತೋ ಅಷ್ಟು ಪವರ್‌ಫುಲ್ ಅಂತ. ಡೋಸು 24 ಗ್ರೇ (ಗ್ರೇ ಅಂದ್ರೆ ವಿಕಿರಣದ ಡೋಸ್ ಅಳೆಯೋ ಮಾನ), 12 ಸಿಟ್ಟಿಂಗು, ದಿನಕ್ಕೆ 2 ಗ್ರೇ, ಶನಿವಾರ ಭಾನುವಾರ ರಜೆ. ಬ್ರಿಟನ್ನಿನಲ್ಲಿ ಮೊದಲು 40-45 ಗ್ರೇ ಕೊಡ್ತಿದ್ರು, ನಿಧಾನ ಬೆಳೆಯೋ ಲಿಂಫೋಮಾಕ್ಕೆ 24 ಸಾಕು, ಜಾಸ್ತಿ ಕೊಟ್ಟು ಲಾಭ ಇಲ್ಲ ಅಂತ ಟ್ರಯಲ್ಲಲ್ಲಿ ಗೊತ್ತಾಯ್ತು. ಆಮೇಲೆ ಇನ್ನೂ ಇಳಿಸಿ ಎರಡು ದಿನದಲ್ಲಿ 4 ಗ್ರೇ ಮಾತ್ರ ಕೊಟ್ಟು ನೋಡಿದ್ರು, ಫೋರ್ಟ್ ಅಂತ ಆ ಟ್ರಯಲ್ಲಿನ ಹೆಸರು, ಐದು ವರ್ಷಕ್ಕೆ ಆ ಜಾಗದಲ್ಲಿ ಕಾಯಿಲೆ ಬೆಳೆಯದೇ ಇದ್ದದ್ದು 24 ಗ್ರೇಯಲ್ಲಿ ಸುಮಾರು 90 ಪರ್ಸೆಂಟು, 4 ಗ್ರೇಯಲ್ಲಿ 70. ಹಂಗಾಗಿ ವಾಸಿ ಮಾಡೋ ಉದ್ದೇಶ ಇದ್ರೆ 24, ಬರೀ ಗಂಟು ಇಳಿಸಿ ಆರಾಮ ಕೊಡೋಕಾದ್ರೆ 4.

ಫೆಬ್ರವರಿಯಲ್ಲಿ ಕೊಟ್ರು, ಬೆಂಗಳೂರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇದ್ಕೊಂಡು ಹೋಗಿಬರೋದು. ಮೊದಲ ದಿನ ಸಿಟಿ ತೆಗೆದು ಚರ್ಮದ ಮೇಲೆ ಮಾರ್ಕ್ ಹಾಕಿದ್ರು, ಸ್ನಾನ ಮಾಡುವಾಗ ಅಳಿಸಬೇಡಿ ಅಂದ್ರು. ಮಷೀನಿನ ಮೇಲೆ ಮಲಗಿ ಏಳೋದು ಕೆಲವೇ ನಿಮಿಷ. ಎರಡನೇ ವಾರದಲ್ಲಿ ತೊಡೆಸಂದಿನ ಚರ್ಮ ಕಪ್ಪಾಗಿ ಸ್ವಲ್ಪ ಉರಿ, ಪಂಚೆ ಬಿಟ್ರೆ ಬೇರೆ ಉಡೋಕಾಗ್ತಿರ್ಲಿಲ್ಲ, ಎರಡು ಮೂರು ದಿನ ಹೊಟ್ಟೆ ಕೆಟ್ಟಿತ್ತು, ಸೊಂಟದ ಭಾಗನೂ ಫೀಲ್ಡಲ್ಲಿ ಇದ್ದದ್ದಕ್ಕೆ. ಸುಸ್ತು ಒಂದು ತಿಂಗಳು ಇತ್ತು. ಬಲಗಾಲು ಸಂಜೆ ಹೊತ್ತಿಗೆ ಸ್ವಲ್ಪ ಊದೋದು ಈಗ್ಲೂ ಇದೆ, ಗ್ರಂಥಿ ತೆಗೆದ ಜಾಗಕ್ಕೇ ರೇಡಿಯೇಶನ್ನೂ ಬಿದ್ರೆ ನೀರು ಇಳಿಯೋ ದಾರಿ ಕಮ್ಮಿ ಆಗತ್ತೆ, ಅದನ್ನ ಮೊದಲೇ ಹೇಳಿದ್ರು. ಮಕ್ಕಳಾಗಬೇಕಾದ ವಯಸ್ಸಿನ ಹುಡುಗರಿಗೆ ಇದೇ ಜಾಗಕ್ಕೆ ಕೊಡೋದಾದ್ರೆ ವೀರ್ಯ ಶೇಖರಿಸಿಡೋ ವಿಷಯ ಮೊದಲೇ ಮಾತಾಡಬೇಕಂತೆ, ಮುಚ್ಚುಮರೆ ಮಾಡದೇ ಕೇಳಿ.

ಮೂರು ತಿಂಗಳ ಮೇಲೆ ಮೇನಲ್ಲಿ ಪೆಟ್ ಮಾಡಿದಾಗ ಎರಡೂ ಜಾಗ ಆರಿಹೋಗಿದ್ವು. ಕಂಪ್ಲೀಟ್ ರೆಸ್ಪಾನ್ಸ್. ಆಮೇಲೆ ಮೂರ್ನಾಲ್ಕು ತಿಂಗಳಿಗೊಮ್ಮೆ, ಬರಬರ್ತಾ ಆರು ತಿಂಗಳಿಗೊಮ್ಮೆ ಚೆಕಪ್ಪು, ಕೈಯಲ್ಲಿ ಮುಟ್ಟಿ ನೋಡೋದು, ರಕ್ತ, ಅಷ್ಟೇ. ಪದೇ ಪದೇ ಸ್ಕ್ಯಾನ್ ಮಾಡ್ಸಿ ಅಂತ ನಾವೇ ಗಂಟುಬಿದ್ವಿ, ತೊಂದರೆ ಏನೂ ಇಲ್ದೇ ಇರೋರಿಗೆ ಸ್ಕ್ಯಾನಿಂದ ಆಯಸ್ಸು ಹೆಚ್ಚಲ್ಲ, ವಿಕಿರಣ ಖರ್ಚು ಗಾಬರಿ ಮೂರೂ ಹೆಚ್ಚತ್ತೆ ಅಂತ ಒಪ್ಲಿಲ್ಲ.

ಈ ಮಧ್ಯೆ ಮನೆಯಲ್ಲಿ ನಡೀತಿದ್ದ ಇನ್ನೊಂದು ಚರ್ಚೆ, ಇದು ಬಂದಿದ್ದಾದ್ರೂ ಯಾಕೆ ಅಂತ. ಅತ್ತೆಗೆ ಎಲೆಅಡಿಕೆ ಮೇಲೆ ಅನುಮಾನ, ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ ಆಗೋದು ಸತ್ಯ, ಈ ಲಿಂಫೋಮಾಕ್ಕೆ ಅದರ ಸಂಬಂಧ ಹೇಳಲ್ಲ. ನನ್ನ ತಲೆಯಲ್ಲಿದ್ದದ್ದು ತೋಟದ ಔಷಧಿ. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮೈಲುತುತ್ತ ಸುಣ್ಣ ಅಷ್ಟೇ, ಅದರದ್ದಲ್ಲ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಅನ್ನೋ ಹಳೇ ಕೀಟನಾಶಕ ನಾನ್-ಹಾಡ್ಜ್‌ಕಿನ್ ಲಿಂಫೋಮಾ (ಮಾವನದ್ದೂ ಇದೇ ಗುಂಪಿಂದು) ತರತ್ತೆ ಅಂತ ಸ್ಪಷ್ಟವಾಗೇ ಹೇಳ್ತು, ಅದೇ ವರ್ಷ ಗ್ಲೈಫೋಸೇಟ್ ಕಳೆನಾಶಕವನ್ನ "ಬಹುಶಃ ಕ್ಯಾನ್ಸರ್‌ಕಾರಕ" ಪಟ್ಟಿಗೆ ಸೇರಿಸ್ತು. ಆದ್ರೆ ಮಾವನ ಗಂಟಿಗೆ ಇದೇ ಕಾರಣ ಅಂತ ಯಾವ ಲ್ಯಾಬೂ ಬರೆದುಕೊಡಲ್ಲ, ಒಂದು ಹನಿ ಔಷಧಿ ಮುಟ್ಟದೋರಿಗೂ ಇದು ಬರತ್ತೆ. ಮಾವ ಈಗ ಕೈಗವಸು ಮಾಸ್ಕು ಇಲ್ದೆ ಕಳೆನಾಶಕ ಹೊಡಿಯೋಕೆ ಆಳುಗಳನ್ನ ಬಿಡಲ್ಲ, ಅದೇನೇ ಇದ್ರೂ ಒಳ್ಳೇದೇ.

2025ರ ಶುರುವಲ್ಲಿ, ಅಂದ್ರೆ ರೇಡಿಯೇಶನ್ ಆಗಿ ಮೂರು ವರ್ಷಕ್ಕೆ, ಕ್ಷೌರ ಮಾಡಿಸ್ಕೊಳ್ಳುವಾಗ ಕುತ್ತಿಗೆಯ ಎಡಗಡೆ ಸಣ್ಣ ಗಂಟು ಸಿಕ್ತು. ಈ ಸಲ ಮುಚ್ಚಿಡ್ಲಿಲ್ಲ, ಅವತ್ತೇ ಫೋನ್ ಬಂತು. ಮತ್ತೆ ಬಯಾಪ್ಸಿ. ಮರುಕಳಿಸಿದಾಗ ಬಯಾಪ್ಸಿ ಬೇಡ ಅದೇ ಇರತ್ತೆ ಅಂತ ಬಿಡಬಾರ್ದು, ಯಾಕಂದ್ರೆ ಈ ಕಾಯಿಲೆ ವರ್ಷಕ್ಕೆ ನೂರರಲ್ಲಿ ಎರಡು ಮೂರು ಜನಕ್ಕೆ ವೇಗವಾಗಿ ಬೆಳೆಯೋ ಜಾತಿಗೆ ಬದಲಾಗತ್ತೆ, ಹಂಗಾಗಿದ್ರೆ ಆರ್-ಚಾಪ್ ಥರದ ಜೋರು ಕೀಮೋನೇ ಬೇಕು, ಅಲ್ಲಿ ಕಾಯೋ ಮಾತೇ ಇಲ್ಲ. ದಿಢೀರ್ ದೊಡ್ಡದಾಗೋ ಗಂಟು, ಜ್ವರ, ಎಲ್‌ಡಿಎಚ್ ಏರೋದು, ಪೆಟ್‌ನಲ್ಲಿ ಒಂದೇ ಜಾಗ ಉಳಿದಿದ್ದಕ್ಕಿಂತ ಬಹಳ ಜಾಸ್ತಿ ಬೆಳಗೋದು, ಇವು ಅನುಮಾನ ಪಡಬೇಕಾದ ಲಕ್ಷಣ. ಮಾವನದ್ದು ಹಳೇದೇ ಜಾತಿ, ಗ್ರೇಡ್ 1-2. ಪೆಟ್‌ನಲ್ಲಿ ಕುತ್ತಿಗೆಯಲ್ಲಿ ಇನ್ನೊಂದು, ಹೊಟ್ಟೆಯ ಹಿಂಭಾಗದಲ್ಲಿ ಒಂದು, ಎಲ್ಲ ಎರಡು ಸೆಂಟಿಮೀಟರಿಗಿಂತ ಚಿಕ್ಕವು. ತೊಡೆಸಂದು, ಸೊಂಟ ಕ್ಲೀನ್. ಲೆಕ್ಕದಲ್ಲಿ ಈಗ ಮೂರನೇ ಸ್ಟೇಜು.

ದೊಡ್ಡಮಾವ ಕಾಯ್ತಾ ಇದ್ದಂಗೆ "ನಾನು ಅವತ್ತೇ ಹೇಳಿರ್ಲಿಲ್ವಾ" ಅಂದ್ರು. ರೇಡಿಯೇಶನ್ ವೇಸ್ಟ್ ಆಯ್ತಾ ಅಂತ ನಾನೂ ಡಾಕ್ಟರಮ್ಮನಿಗೆ ಕೇಳ್ದೆ. ಕೊಟ್ಟ ಜಾಗದಲ್ಲಿ ಬಂದಿಲ್ಲ, ಕೊಡದ ಜಾಗದಲ್ಲಿ ಬಂದಿದೆ, ಈ ಕಾಯಿಲೆ ಮರುಕಳಿಸೋ ರೀತಿನೇ ಸಾಮಾನ್ಯವಾಗಿ ಇದು, ಮೊದಲೇ ಎಲ್ಲೋ ಕಣ್ಣಿಗೆ ಕಾಣದಷ್ಟು ಇದ್ದದ್ದು ಈಗ ದೊಡ್ಡದಾಗಿದೆ ಅಂದ್ರು. ಮೂರು ವರ್ಷ ಒಂದು ಮಾತ್ರೆನೂ ಇಲ್ದೆ ಕಳೆದಿದಾರೆ, ಕೀಮೋ ಒಂದೂ ಖರ್ಚಾಗಿಲ್ಲ.

ಟ್ರೀಟ್ಮೆಂಟು ಈಗ ಏನೂ ಇಲ್ಲ. ಮನೆಯೋರಿಗೆ ಇದನ್ನ ಒಪ್ಪಿಸೋದು 2022ಕ್ಕಿಂತ ಕಷ್ಟ ಆಯ್ತು, ಮೂರನೇ ಸ್ಟೇಜು ಅಂತೀರಿ ಸುಮ್ನೆ ಮನೆಗೆ ಕಳಿಸ್ತೀರಿ ಅಂತ ಅತ್ತೆ ಡಾಕ್ಟರಮ್ಮನ ಎದುರೇ ಅತ್ರು. ಅವರು ಬ್ರಿಟನ್ನಿನ ಇನ್ನೊಂದು ಟ್ರಯಲ್ ವಿಷಯ ಹೇಳಿದ್ರು, ಹೀಗೇ ತೊಂದರೆ ಇಲ್ಲದ ಮುಂದಿನ ಸ್ಟೇಜಿನ 463 ಜನ. ಸುಮ್ನೆ ನೋಡ್ತಾ ಇದ್ದ ಗುಂಪಲ್ಲಿ ಮೂರು ವರ್ಷಕ್ಕೆ 46 ಪರ್ಸೆಂಟಿಗೆ ಇನ್ನೂ ಟ್ರೀಟ್ಮೆಂಟ್ ಬೇಕಾಗಿರ್ಲಿಲ್ಲ, ರಿಟುಕ್ಸಿಮ್ಯಾಬ್ ಮುಂದುವರಿಸಿ ಕೊಟ್ಟ ಗುಂಪಲ್ಲಿ 88 ಪರ್ಸೆಂಟಿಗೆ ಹೊಸ ಟ್ರೀಟ್ಮೆಂಟ್ ಬೇಕಾಗಿರ್ಲಿಲ್ಲ, ಬದುಕಿದ ಅವಧಿಯಲ್ಲಿ ಮಾತ್ರ ವ್ಯತ್ಯಾಸ ಇಲ್ಲ. ಮನಸ್ಸಿಗೆ ಕಾಯೋದೇ ಹಿಂಸೆ ಆದೋರಿಗೆ ರಿಟುಕ್ಸಿಮ್ಯಾಬ್ ಕೊಡ್ತೀನಿ, ನಿಮ್ಮ ಯಜಮಾನರನ್ನೇ ಕೇಳಿ ಅಂದ್ರು. ಯಜಮಾನರು ಬೇಡ ಅಂದ್ರು.

ಯಾವಾಗ ಶುರು ಮಾಡ್ತಾರೆ ಅನ್ನೋದಕ್ಕೆ ಫೈಲಿನ ಮುಂದಿನ ಹಾಳೆಯಲ್ಲೇ ಬರೆದಿದೆ: ಒಂದು ಗಂಟು 7 ಸೆಂಟಿಮೀಟರ್ ದಾಟಿದ್ರೆ, ಇಲ್ಲಾ ಮೂರು ಕಡೆ 3 ಸೆಂಟಿಮೀಟರ್ ದಾಟಿದ್ರೆ, ಗುಲ್ಮ ದೊಡ್ಡದಾದ್ರೆ, ರಕ್ತಕಣ ಇಳಿದ್ರೆ, ಎದೆ ಹೊಟ್ಟೆಯಲ್ಲಿ ನೀರು ಸೇರಿದ್ರೆ, ಜ್ವರ, ರಾತ್ರಿ ಬಟ್ಟೆ ನೆನೆಯೋವಷ್ಟು ಬೆವರು, ಆರು ತಿಂಗಳಲ್ಲಿ ತೂಕ ಹತ್ತನೇ ಒಂದು ಭಾಗ ಇಳಿದ್ರೆ. ಕುತ್ತಿಗೆಯ ಗಂಟೊಂದೇ ಕಾಟ ಕೊಟ್ರೆ 4 ಗ್ರೇ, ಎರಡು ಸಿಟ್ಟಿಂಗು. ಎಲ್ಲ ಕಡೆ ಬೆಳೆದ್ರೆ ರಿಟುಕ್ಸಿಮ್ಯಾಬ್ ಜೊತೆ ಬೆಂಡಾಮಸ್ಟಿನ್ ಅನ್ನೋ ಕೀಮೋ. ತೂಕ ನೋಡೋಕೆ ಅತ್ತೆ ಒಂದು ಮಷೀನ್ ತರಿಸಿದಾರೆ, ಪ್ರತಿ ಸೋಮವಾರ ಮಾವನನ್ನ ಅದರ ಮೇಲೆ ನಿಲ್ಲಿಸಿ ಕ್ಯಾಲೆಂಡರ್ ಮೇಲೆ ಬರೀತಾರೆ. ಮಾವ ಈ ವರ್ಷ ಪಕ್ಕದ ತೋಟನೂ ಖೇಣಿ ಹಿಡಿದಿದಾರೆ, ಚೆಕಪ್ಪಿನ ಡೇಟು ಕೊಯ್ಲಿಗೆ ಅಡ್ಡ ಬಂತು ಅಂತ ಎರಡು ವಾರ ಮುಂದಕ್ಕೆ ಹಾಕ್ಸು ಅಂತ ನನಗೆ ಫೋನ್ ಮಾಡಿದ್ರು, ಆಸ್ಪತ್ರೆಯೋರು ಆಗ್ಲಿ ಅಂದ್ರು.